ಸ್ವಾಗತಾ ಮಾತಾಡಿದ ದಿನ

ಎಲ್ಲರೂ ನಕ್ಕಿದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಅವರೊಂದಿಗೆ ತಾನೂ ನಕ್ಕೆನಲ್ಲ ಎನ್ನುವುದನ್ನು ಮಾತ್ರ ಮಹಾದೇವಿಗೆ ನುಂಗಲಾಗುತ್ತಿರಲಿಲ್ಲ. ಪಟ್ಟಂದೂರು ಅಗ್ರಹಾರದ ಬಾಡಿಗೆ ಕೋಣೆಗಳ ಸಾಲಿನಿಂದ ಹೊರಬಿದ್ದು, ಐಟಿ ಪಾರ್ಕಿನ ಹಿಂಗೋಡೆಯ ಪಕ್ಕ ನಿಂತ ನೀರಿನ ಟ್ಯಾಂಕರುಗಳನ್ನು ದಾಟಿ, ಹೂಡಿಯ ಕಡೆ ಹೋಗುವ ಬಸ್ಸಿಗೆ ಕಾಯುತ್ತ ನಿಂತಾಗಲೂ ಆ ನಗು ಅವಳ ಕೆನ್ನೆಗಳಲ್ಲಿ ಉಳಿದುಕೊಂಡಿತ್ತು, ಯಾರೋ ಹೊರಗಿನಿಂದ ಎಳೆದು ಬಿಗಿದ ಹಾಗೆ. ನಿನ್ನೆ ಸಂಜೆ ಕಾಲೇಜಿನ ಲ್ಯಾಬಿನಲ್ಲಿ ಸಹಪಾಠಿ ಸಿದ್ಧಾರ್ಥ್ ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದಾಗ ಅವರ ತಂಡ ಕಟ್ಟಿದ ರೋಬೋಟ್ ಗೊಂಬೆ ಬಾಯಿ ತೆರೆದು, ‘ಬಾಯಿ ತಗೀಯವ್ವಾ, ಹಿಂಗ್ಯಾಕ ಹಲ್ಲು ಕಚಗೊಂಡು ಕುಂತಿ? ನಿಮ್ಮವ್ವ ಏನರ ಅಂದಾಳೇನು? ನೀ ಮಾತಾಡ್ಲಿಲ್ಲಂದ್ರ ನಾ ಮನೀಗೆ ಹೆಂಗ ಹೋಗ್ಲಿ?’ ಅಂದಿತ್ತು. ಅವಳದೇ ದನಿ. ಒಬ್ಬಳೇ ಇದ್ದೇನೆಂದುಕೊಂಡು, ಗೊಂಬೆಯ ಸಿಕ್ಕಿಕೊಂಡ ದವಡೆಯನ್ನು ಬಿಡಿಸುತ್ತ, ಅವ್ವ ತನ್ನನ್ನು ಚಿಕ್ಕಂದಿನಲ್ಲಿ ರಮಿಸುತ್ತಿದ್ದ ಧಾಟಿಯಲ್ಲೇ ಅದಕ್ಕೆ ಆಡಿದ ಮಾತು. ಗೊಂಬೆಗೆ ಅವಳ ದನಿಯನ್ನು ರೆಕಾರ್ಡ್ ಮಾಡಲೆಂದು ಇಟ್ಟಿದ್ದ ಸಿದ್ಧಾರ್ಥನ ಮೈಕು ಆಗ ಚಾಲೂ ಇತ್ತೆಂದು ಅವಳಿಗೆ ಗೊತ್ತಿರಲಿಲ್ಲ. ‘ಕಾಮಿಡಿ ಮೋಡ್ ಗುರು, ಸಕ್ಕತ್ತಾಗಿದೆ!’ ಎಂದು ತಂಡದ ಪ್ರಸನ್ನ ಮೇಜು ಬಡಿದ. ಬೇರೆ ತಂಡದವರೂ ಓಡಿ ಬಂದರು. ಮತ್ತೆ ಹಾಕಿದರು. ಮತ್ತೆ ನಕ್ಕರು. ಯಾವಾಗಲೂ ಇವಳ ಪರವಾಗಿ ಒಂದೆರಡು ಒಳ್ಳೆಯ ಮಾತಾಡುವ ವೇಣಿ ಮೇಡಂ ಕೂಡ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಭುಜ ಕುಣಿಸಿದರು. ಆಗ ಮಹಾದೇವಿಯೂ ನಕ್ಕಳು. ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ, ತನಗೂ ಇದು ತಮಾಷೆಯೇ ಎಂದು ಎಲ್ಲರಿಗೂ ಕೇಳಿಸುವಂತೆ.

ಬಸ್ಸು ಬರಲಿಲ್ಲ. ನಡೆದೇ ಹೋಗೋಣವೆಂದು ಹೊರಟಳು. ಮೇಲೆ ಮೆಟ್ರೋ ರೈಲು ಸರಿದುಹೋಗುವಾಗ ಕೆಳಗಿನ ರಸ್ತೆಯ ಧೂಳೆಲ್ಲ ಒಮ್ಮೆ ನಡುಗಿದಂತಾಗುತ್ತಿತ್ತು. ಗೊಂಬೆಗೆ ಸ್ವಾಗತಾ ಎಂದು ಹೆಸರಿಟ್ಟವರು ವಿಭಾಗದ ಮುಖ್ಯಸ್ಥರಾದ ರಾಜೇಂದ್ರ ಸರ್. ಕಾಲೇಜಿನ ಬಾಗಿಲಲ್ಲಿ ನಿಂತು ಬಂದವರನ್ನು ಸ್ವಾಗತಿಸುವ, ಪ್ರಶ್ನೆ ಕೇಳಿದರೆ ಕನ್ನಡದಲ್ಲಿ ಉತ್ತರಿಸುವ ರೋಬೋಟ್. ರೋಬೋಟಿಕ್ಸ್ ಮತ್ತು ಎಲೆಕ್ಟ್ರಾನಿಕ್ಸ್ ವಿಭಾಗದ ಕೊನೆಯ ವರ್ಷದ ಪ್ರಾಜೆಕ್ಟ್. ಹೊರಗಿನವರಿಗೆ ಕಾಲೇಜು ತೋರಿಸುವ ಇವತ್ತಿನ ಓಪನ್ ಹೌಸಿಗೆ ಅದೇ ಮುಖ್ಯ ಆಕರ್ಷಣೆ. ಸೊಂಟದವರೆಗೆ ಹೆಣ್ಣಿನ ಆಕಾರ, ಅದರ ಕೆಳಗೆ ಚಕ್ರದ ಪೀಠ, ಫೈಬರಿನ ಮುಖ, ಅಂಗಡಿಯಿಂದ ತಂದ ಕೂದಲು. ಕುತ್ತಿಗೆಯ ಮೋಟಾರನ್ನು ಕೂರಿಸಿದವಳು ಮಹಾದೇವಿ. ದವಡೆಯ ಬೋರ್ಡನ್ನು ಬೆಸೆದವಳೂ ಅವಳೇ. ಬರುವ ಸದ್ದು ಮೆಲ್ಲಗಿದ್ದರೆ ತುಟಿ ಸ್ವಲ್ಪ ತೆರೆಯಬೇಕು, ಜೋರಾದರೆ ಅಗಲವಾಗಿ ತೆರೆಯಬೇಕು. ಮನುಷ್ಯರು ಮಾತಾಡುವಾಗ ಬಾಯಿ ಮಾತಿಗಿಂತ ಒಂದು ಎಳೆ ಮುಂಚೆಯೇ ತೆರೆದುಕೊಳ್ಳುತ್ತದೆ ಎನ್ನುವುದನ್ನು ಅವಳು ಅವ್ವನ ಮುಖ ನೋಡಿ ನೋಡಿ ಕಂಡುಕೊಂಡಿದ್ದಳು. ಪಿ.ಜಿ. ಒಂದರ ಅಡುಗೆಮನೆಯಲ್ಲಿ ದಿನವಿಡೀ ಚಪಾತಿ ಬೇಯಿಸಿ ಬಂದ ಅವ್ವ ಸಿದ್ದಕ್ಕ, ‘ಹಂಗ್ಯಾಕ ನನ್ನ ಬಾಯಿ ನೋಡ್ತೀಯವ್ವಾ, ಹಲ್ಲಾಗ ಏನರ ಸಿಕ್ಕೈತೇನು?’ ಎಂದು ಕೇಳಿದ್ದಳು. ಸಿದ್ಧಾರ್ಥ್ ಪ್ರಶ್ನೆ ಕೇಳಿಸಿಕೊಂಡು ಉತ್ತರ ಹುಡುಕುವ ಭಾಗವನ್ನು ಮಾಡಿದ್ದ. ಮಾಡಿದ್ದ ಎಂದರೆ ಎಲ್ಲಿಂದಲೋ ಇಳಿಸಿಕೊಂಡು ಜೋಡಿಸಿದ್ದ. ಅದರಲ್ಲಿ ತಪ್ಪೇನಿಲ್ಲ, ಎಲ್ಲರೂ ಹಾಗೇ ಮಾಡುವುದು. ಆದರೆ ಅದಕ್ಕೆ ಇಂಟರ್‌ನೆಟ್ ಬೇಕು, ಸುತ್ತ ಗದ್ದಲವಿರಬಾರದು. ಸಭಾಂಗಣದಲ್ಲಿ ಒಮ್ಮೆ ಪರೀಕ್ಷೆ ಮಾಡಿ ನೋಡೋಣ ಎಂದು ಅವಳು ಹೇಳುತ್ತಲೇ ಇದ್ದಳು. ‘ಆಗತ್ತೆ ಬಿಡು ಮಹಿ, ಓವರ್ ಟೆನ್ಶನ್ ತಗೋಬೇಡ’ ಎಂದು ಅವನು ಹೇಳುತ್ತಲೇ ಇದ್ದ.

ಮಹಿ. ಆ ಹೆಸರು ಇಟ್ಟವನೂ ಅವನೇ, ಅವಳು ಬೇಡವೆಂದಿರಲಿಲ್ಲ. ಮೊದಲ ವರ್ಷ ಹಾಜರಿ ಕೂಗಿದಾಗ ಅವಳು ಬಾಯ್ತಪ್ಪಿ ‘ಬಂದೀನ್ರೀ’ ಎಂದಿದ್ದಕ್ಕೆ ಇಡೀ ತರಗತಿ ಗೊಳ್ಳೆಂದ ಮೇಲೆ ನಾಲಗೆಯನ್ನು ತಿದ್ದಿಕೊಳ್ಳುವುದನ್ನು ಅವಳು ಗಣಿತದಷ್ಟೇ ಶ್ರದ್ಧೆಯಿಂದ ಕಲಿತಳು. ಹೇಳ್ತೀನಿ, ಬರ್ತೀನಿ, ಹೋಗ್ಬಿಟ್ಟೆ, ಹಾಗಲ್ಲ ಕಣೋ. ಕಾಲೇಜಿನ ಗೇಟಿನೊಳಗೆ ಒಂದು ಬಾಯಿ, ಅಗ್ರಹಾರದ ಕೋಣೆಯಲ್ಲಿ ಇನ್ನೊಂದು. ಅದಕ್ಕೂ ಮುಂಚೆ, ಅಡ್ಮಿಷನ್ನಿನ ದಿನ, ಗುಮಾಸ್ತ ಏನೋ ಕೇಳಿದಾಗ ಅಪ್ಪ ಅಮರಪ್ಪ ಕೈಕಟ್ಟಿಕೊಂಡು, ‘ಹೌದ್ರಿ ಸಾಹೇಬ್ರ, ನಾವು ಲಿಂಗಸೂರ ಕಡ್ಯಾವ್ರು, ಟೈಲ್ಸ್ ಕೆಲಸಾ ಮಾಡ್ತೀನ್ರಿ’ ಎಂದಿದ್ದ. ಗುಮಾಸ್ತ ಪಕ್ಕದವನ ಕಡೆ ತಿರುಗಿ, ‘ನೋಡ್ರೀಪಾ, ಕೇಳ್ರೀಪಾ’ ಎಂದು ರಾಗ ಎಳೆದ. ಅಪ್ಪ ಅದನ್ನು ವಿಶ್ವಾಸವೆಂದುಕೊಂಡು ನಕ್ಕ. ಅವಳು ಅವನ ಅಂಗಿಯ ತೋಳು ಜಗ್ಗಿ, ‘ನೀ ಸುಮ್ನಿರಪ್ಪಾ, ನಾ ಮಾತಾಡ್ತೀನಿ’ ಎಂದು ಮುಂದೆ ಬಂದು, ಟಿ.ವಿ.ಯವರ ಹಾಗೆ ಸ್ವಚ್ಛವಾಗಿ ಎಲ್ಲವನ್ನೂ ಹೇಳಿದ್ದಳು. ವೈಟ್‌ಫೀಲ್ಡಿನ ಎಷ್ಟೋ ಅಪಾರ್ಟ್‌ಮೆಂಟುಗಳ ನೆಲ ಹಾಸಿದ ಮನುಷ್ಯ ಆ ಕೌಂಟರಿನ ಮುಂದೆ ತನ್ನ ಮಗಳ ಹಿಂದೆ ಸರಿದು ನಿಂತ. ರಾತ್ರಿ ಊಟಕ್ಕೆ ಕೂತಾಗ, ‘ಏನ್ ಮಾತಾಡ್ತಾಳ ನೋಡು ನಿನ್ನ ಮಗಳು, ಬೆಂಗಳೂರಾಗ ಹುಟ್ಟಿದಂಗ’ ಎಂದು ಅವ್ವನಿಗೆ ಹೆಮ್ಮೆಯಿಂದ ಹೇಳಿದ್ದನ್ನು ಕೇಳಿ ಅವಳು ಅರ್ಧ ಊಟದಲ್ಲೇ ಎದ್ದಿದ್ದಳು. ಅವನು ಒಂದು ಮಾತು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆವತ್ತು ಗುಮಾಸ್ತನ ಮೇಲೆ ಬರಬೇಕಾಗಿದ್ದ ಸಿಟ್ಟು ಅಪ್ಪನ ಮೇಲೆ ಯಾಕೆ ಬಂತು ಎನ್ನುವುದನ್ನು ಅವಳು ಇಷ್ಟು ವರ್ಷ ಕೇಳಿಕೊಂಡಿರಲಿಲ್ಲ. ಈಗ ಹೂಡಿಯ ಸಿಗ್ನಲ್ಲಿನಲ್ಲಿ, ಹಾರ್ನುಗಳ ನಡುವೆ, ರಸ್ತೆ ದಾಟಲಾಗದೆ ನಿಂತಾಗ ಕೇಳಿಕೊಂಡಳು.

ಕಾಲೇಜಿನ ಸಭಾಂಗಣದ ಬಾಗಿಲಲ್ಲಿ ಪೋಸ್ಟರ್ ಅಂಟಿಸುತ್ತಿದ್ದರು. ‘ಸ್ವಾಗತಾ: ಕನ್ನಡ ಮಾತಾಡುವ ರೋಬೋಟ್. ಮಾರ್ಗದರ್ಶನ: ಡಾ. ರಾಜೇಂದ್ರ. ತಂಡದ ನಾಯಕ: ಸಿದ್ಧಾರ್ಥ್. ವಿನ್ಯಾಸ: ಪ್ರಸನ್ನ.’ ತನ್ನ ಹೆಸರನ್ನು ಹುಡುಕಲು ಅವಳು ಬಗ್ಗಬೇಕಾಯಿತು. ಕೆಳಗೆ, ಪ್ರಾಯೋಜಕರ ಚಿಹ್ನೆಗಳ ಮೇಲೆ, ‘ಧ್ವನಿ ಸಹಾಯ: ಮಹಾದೇವಿ.’ ಧ್ವನಿ ಸಹಾಯ. ಕುತ್ತಿಗೆ ಯಾರದು, ದವಡೆ ಯಾರದು, ಬೆರಳಿಗೆ ಬೆಸುಗೆಯ ಕಾದ ಕಡ್ಡಿ ತಾಗಿ ಬೊಬ್ಬೆ ಎದ್ದದ್ದು ಯಾರದು? ಕೇಳಬೇಕೆಂದು ಒಳಗೆ ಹೋದವಳಿಗೆ ರಾಜೇಂದ್ರ ಸರ್ ಎದುರಾಗಿ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟರು. ಚೀಲದಲ್ಲಿ ಜರಿಯಂಚಿನ ಹಸಿರು ಸೀರೆ ಇತ್ತು. ‘ಇದಕ್ಕೆ ನೀಟಾಗಿ ಉಡಿಸಮ್ಮ. ಟೀಮಲ್ಲಿ ಹುಡುಗಿ ಅಂತ ಇರೋದು ನೀನೊಬ್ಳೇ. ಆಮೇಲೆ ಪೀಣ್ಯದ ಆಟೋಮೇಷನ್ ಕಂಪನಿಯವ್ರು ಕೇಳಿದ್ರಲ್ಲ, ನಿನ್ ಹೆಸ್ರೇ ಕೊಟ್ಟಿದೀನಿ.’ ಪೀಣ್ಯದ ಹೆಸರು ಕೇಳಿ ಅವಳ ಬಾಯಿ ಮುಚ್ಚಿಕೊಂಡಿತು. ಆ ಕೆಲಸ ಅವಳಿಗೆ ಬೇಕಿತ್ತು. ಯಂತ್ರದ ತೋಳುಗಳು ಸಾಲಾಗಿ ನಿಂತು ಒಂದೇ ಸಮ ಬಾಗಿ ಏಳುವ ಆ ಕಾರ್ಖಾನೆಯನ್ನು ಒಮ್ಮೆ ಹೋಗಿ ನೋಡಿ ಬಂದಾಗಿನಿಂದ ಅವಳು ಅದನ್ನೇ ಕನವರಿಸುತ್ತಿದ್ದಳು. ಮಂಡಿಯೂರಿ ಕೂತು ಗೊಂಬೆಯ ಸೊಂಟಕ್ಕೆ ನಿರಿಗೆ ಹಿಡಿದಳು. ನಿರಿಗೆ ನಿಲ್ಲುತ್ತಿರಲಿಲ್ಲ, ಫೈಬರಿನ ಮೈ ನುಣುಪು. ಅವಳು ತನ್ನ ಜಡೆಯ ಪಿನ್ನು, ದುಪಟ್ಟಾದ ಪಿನ್ನು ಎಲ್ಲ ತೆಗೆದು ನಿರಿಗೆಗೂ ಸೆರಗಿಗೂ ಚುಚ್ಚಿದಳು. ಆ ಕಡೆ ಹೋಗುತ್ತಿದ್ದ ಯಾವನೋ ಹುಡುಗ, ‘ಯಾಕವ್ವಾ ಹಲ್ಲು ಕಚಗೊಂಡು ಕುಂತಿ?’ ಎಂದು ಕೂಗಿ ಹೋದ. ಅವನು ಬೇರೆ ವಿಭಾಗದವನು. ಅಂದರೆ ರಾತ್ರಿಯೇ ಅದು ಎಲ್ಲರ ಫೋನುಗಳಿಗೂ ಹೋಗಿದೆ.

ಅವಳು ಹೇಳುತ್ತಿದ್ದುದೇ ಆಯಿತು. ಮುಖ್ಯ ಅತಿಥಿ ಬರುವ ಹೊತ್ತಿಗೆ ಸಭಾಂಗಣ ತುಂಬಿ, ಎಲ್ಲರ ಫೋನುಗಳೂ ಅದೇ ಇಂಟರ್‌ನೆಟ್ಟಿಗೆ ಜೋತುಬಿದ್ದು, ಸ್ವಾಗತಾ ಕಿವುಡಿಯಾದಳು. ಸಿದ್ಧಾರ್ಥ್ ಅದರ ಕಿವಿಯ ಹತ್ತಿರ ಬಗ್ಗಿ ‘ನಿನ್ನ ಹೆಸರೇನು, ನಿನ್ನ ಹೆಸರೇನು’ ಎಂದು ಕಿರುಚುತ್ತಿದ್ದ. ಗೊಂಬೆ ದೊಡ್ಡ ಫ್ಲೆಕ್ಸಿನ ಮುಂದೆ ಹಸಿರು ಸೀರೆಯಲ್ಲಿ ನೆಟ್ಟಗೆ ನಿಂತು ಎದುರಿನ ಗೋಡೆ ನೋಡುತ್ತಿತ್ತು. ರಾಜೇಂದ್ರ ಸರ್ ಬೆವರೊರೆಸಿಕೊಂಡು, ಸಿದ್ಧಾರ್ಥನನ್ನಲ್ಲ, ಮಹಾದೇವಿಯನ್ನು ಹುಡುಕಿಕೊಂಡು ಬಂದರು.

‘ನಿನ್ ಬೋರ್ಡಿಗೆ ಬೇರೆ ಮೈಕಿಂದ ಸೌಂಡ್ ಕೊಟ್ರೂ ಬಾಯಿ ಆಡತ್ತಾ?’

‘ಆಡತ್ತೆ ಸರ್. ಯಾವ ಸೌಂಡ್ ಬಂದ್ರೂ ಆಡತ್ತೆ.’

‘ಗುಡ್. ಈ ಫ್ಲೆಕ್ಸ್ ಹಿಂದೆ ಚೇರ್ ಹಾಕಿಸ್ತೀನಿ. ಮೈಕ್ ಹಿಡ್ಕೊಂಡು ಕೂತ್ಕೋ. ಅವ್ರು ಏನ್ ಕೇಳ್ತಾರೋ ಅದಕ್ಕೆ ನೀನೇ ಉತ್ತರ ಕೊಡು.’

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ‘ಸರ್, ಅದು ಮೋಸ ಅಲ್ವಾ?’

‘ಡೆಮೋ ಕಣಮ್ಮಾ. ದೊಡ್ಡ ದೊಡ್ಡ ಕಂಪನಿಗಳೇ ಹಿಂಗೆ ಮಾಡ್ತಾವೆ. ಇವತ್ತೊಂದಿನ ಮಾನ ಉಳಿಸು. ಆಮೇಲೆ, ನೋಡು,’ ಅವರು ದನಿ ತಗ್ಗಿಸಿದರು, ‘ನೀಟಾಗಿ ಬೆಂಗಳೂರು ಕನ್ನಡ ಮಾತಾಡು. ನಿನ್ ಧಾರವಾಡ ಗೀರವಾಡ ಎಲ್ಲಾ ಬೇಡ.’

ತನ್ನೂರು ಧಾರವಾಡವಲ್ಲ, ಅಲ್ಲಿಂದ ಎಷ್ಟೋ ದೂರ ಎಂದು ಅವಳು ಹೇಳಬೇಕೆಂದುಕೊಂಡಳು. ಇವರಿಗೆ ತುಮಕೂರು ದಾಟಿದ ಮೇಲೆ ಎಲ್ಲವೂ ಧಾರವಾಡ. ವೇಣಿ ಮೇಡಂ ಅವಳ ಬೆನ್ನ ಮೇಲೆ ಕೈಯಿಟ್ಟು, ‘ಅಡ್ಜಸ್ಟ್ ಮಾಡ್ಕೋ ಮರಿ, ಐದು ನಿಮಿಷದ್ದು’ ಎಂದರು. ಆ ಕೈ ಮೆತ್ತಗಿತ್ತು; ಮೆತ್ತಗೆಯೇ ಅವಳನ್ನು ಫ್ಲೆಕ್ಸಿನ ಹಿಂದಕ್ಕೆ ತಳ್ಳಿತು.

ಹಿಂದೆ ಹೊಸ ಪ್ಲಾಸ್ಟಿಕ್ಕಿನ, ಬಣ್ಣದ ವಾಸನೆ. ಫ್ಲೆಕ್ಸಿನ ಮೇಲೆ ಮುದ್ರಿಸಿದ ಅಕ್ಷರಗಳು ಬೆಳಕಿಗೆ ಕನ್ನಡಿಯಲ್ಲಿ ಕಂಡಂತೆ, ಬಲದಿಂದ ಎಡಕ್ಕೆ ಕಾಣುತ್ತಿದ್ದವು. ಒಂದು ಕಡೆ ಹೊಲಿಗೆ ಬಿಟ್ಟ ಜಾಗದಿಂದ ಅವಳಿಗೆ ಗೊಂಬೆಯ ಹಿಂದಲೆ ಕಾಣುತ್ತಿತ್ತು, ತಾನೇ ಬಿಗಿದ ತಿರುಪುಗಳು, ಕೂದಲಿನ ಬುಡದಲ್ಲಿ ಇಣುಕುವ ಕೆಂಪು ತಂತಿ. ಅದರಾಚೆ ಜನ. ನಡುವೆ ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ ಹಾಕಿಕೊಂಡ ಮುಖ್ಯ ಅತಿಥಿ ವೆಂಕಟರಮಣಪ್ಪನವರು ಬಂದು ಕೂತರು. ಈ ಕಾಲೇಜು ನಿಂತ ನೆಲ ಒಂದು ಕಾಲಕ್ಕೆ ಅವರ ಮನೆತನದ ರಾಗಿ ಹೊಲ. ಈಗ ಅವರು ಕಾಲೇಜಿನ ಟ್ರಸ್ಟಿನ ಹಿರಿಯರು. ‘ಇದು ಎಂಗೆ ಮಾತಾಡ್ತದಯ್ಯಾ? ಒಳಗೇನ್ ಟೇಪ್ ಇಟ್ಟವ್ರಾ?’ ಎಂದು ಅವರು ಗಟ್ಟಿಯಾಗಿ ಕೇಳಿದರು. ಯಾರೂ ನಗಲಿಲ್ಲ. ‘ಎಂಗೆ’ ಎಂದದ್ದಕ್ಕೆ ಒಬ್ಬರ ತುಟಿಯೂ ಅಲುಗಲಿಲ್ಲ. ಪ್ರಾಂಶುಪಾಲರು ಇನ್ನಷ್ಟು ಬಗ್ಗಿ, ‘ಇಲ್ಲ ಸರ್, ಅದೇ ಯೋಚನೆ ಮಾಡಿ ಮಾತಾಡತ್ತೆ’ ಎಂದರು. ಮಹಾದೇವಿಗೆ ಮುದುಕರ ಮೇಲೆ ಸಿಟ್ಟು ಬರಲಿಲ್ಲ. ಅವರು ಅವರ ಹಾಗೆ ಮಾತಾಡುತ್ತಿದ್ದರು, ಹುಟ್ಟಿದ ಬಾಯಿಯಲ್ಲೇ, ಕೂತ ಕುರ್ಚಿಯಷ್ಟೇ ಸಲೀಸಾಗಿ. ಅಪ್ಪನೂ ಅವನ ಹಾಗೆಯೇ ಮಾತಾಡಿದ್ದ. ಅಪ್ಪನಿಗೆ ಮಾತ್ರ ಯಾರೂ ಕುರ್ಚಿ ಕೊಟ್ಟಿರಲಿಲ್ಲ.

‘ನಿನ್ ಎಸ್ರೇನಮ್ಮಾ?’

‘ನಮಸ್ಕಾರ. ನನ್ನ ಹೆಸರು ಸ್ವಾಗತಾ,’ ಎಂದಳು ಮೈಕಿನಲ್ಲಿ. ಎದುರಿಗೆ ಫೈಬರಿನ ದವಡೆಯ ಅಂಚು ಅವಳ ಮಾತಿನೊಂದಿಗೆ ಆಡಿತು. ಇಷ್ಟು ಚೆನ್ನಾಗಿ ಅದು ಯಾವತ್ತೂ ಆಡಿರಲಿಲ್ಲ. ಜನ ‘ಆಹಾ’ ಎಂದರು.

‘ಊಟ ಆಯ್ತಾ?’

‘ನನಗೆ ಊಟ ಬೇಡ ಸರ್, ಕರೆಂಟ್ ಸಾಕು.’

ನಗು, ಚಪ್ಪಾಳೆ. ವೆಂಕಟರಮಣಪ್ಪನವರು ತೊಡೆ ತಟ್ಟಿದರು. ‘ಪರವಾಗಿಲ್ವೇ! ಯಾವೂರಮ್ಮ ನಿಂದು?’

ಅವಳು ತಡೆದಳು. ಫ್ಲೆಕ್ಸಿನ ಅಂಚಿನಿಂದ ರಾಜೇಂದ್ರ ಸರ್ ಇಣುಕಿ, ‘ಹೂಡಿ ಅನ್ನು, ಹೂಡಿ’ ಎಂದು ಪಿಸುಗುಟ್ಟಿದರು. ‘ಹೂಡಿ, ಸರ್’ ಎಂದಳು. ಒಂದು ಗೊಂಬೆಯ ಬಾಯಲ್ಲೂ ಊರಿನ ಸುಳ್ಳು ಹೇಳಿಸಬೇಕೇ ಇವರು? ‘ಅಂಗಾರೆ ನಮ್ಮೂರವಳೇ ಆದ್ಯಲ್ಲ!’ ಮುದುಕರಿಗೆ ನಿಜವಾಗಿಯೂ ಖುಷಿಯಾಗಿತ್ತು. ಶಲ್ಯ ಸರಿಮಾಡಿಕೊಂಡು ಮುಂದೆ ಬಗ್ಗಿ, ಮೊಮ್ಮಗಳನ್ನು ಕೇಳುವ ಹಾಗೆ ಕೇಳಿದರು: ‘ನಿನ್ನ ಯಾರಮ್ಮ ಮಾಡಿದ್ದು?’

ಈ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಕೊಟ್ಟಿದ್ದರು. ಡಾಕ್ಟರ್ ರಾಜೇಂದ್ರ ಅವರ ಮಾರ್ಗದರ್ಶನದಲ್ಲಿ, ಸಿದ್ಧಾರ್ಥ್ ಅವರ ನೇತೃತ್ವದಲ್ಲಿ. ಅದನ್ನು ಹೇಳಲೆಂದೇ ಅವಳು ಉಸಿರೆಳೆದುಕೊಂಡಳು. ಗೊಂಬೆಯ ಸೆರಗಿಗೆ ಚುಚ್ಚಿದ್ದ ತನ್ನ ಪಿನ್ನು ಹೊಲಿಗೆಯ ಸಂದಿನಿಂದ ಮಿನುಗಿತು. ಪೋಸ್ಟರಿನ ಕೆಳಗೆ ಬಗ್ಗಿ ಹೆಸರು ಹುಡುಕಿದ್ದು, ಬೇರೆ ವಿಭಾಗದ ಹುಡುಗ ಕೂಗಿ ಹೋದದ್ದು, ನಿನ್ನೆ ತನ್ನ ಬಾಯಿಂದ ಬಂದ ಆ ಸುಳ್ಳು ನಗು, ಕೌಂಟರಿನ ಮುಂದೆ ಹಿಂದೆ ಸರಿದು ನಿಂತ ಅಪ್ಪ, ಎಲ್ಲ ಒಂದರ ಮೇಲೊಂದು ನುಗ್ಗಿ ಬಂದು ನಾಲಗೆಯ ಬುಡದಲ್ಲಿ ಕೂತವು. ‘ಮಹಾದೇವಿ,’ ಎಂದಳು. ಆಮೇಲೆ ತಡೆಯುವುದು ಆಗಲಿಲ್ಲ. ‘ಲಿಂಗಸೂರ ಕಡಿಯಾಕಿ ಮಹಾದೇವಿ ಮಾಡ್ಯಾಳ್ರಿ. ಈ ಕುತ್ತಿಗಿ ಆಕಿದು, ಈ ಬಾಯಿ ಆಕಿದು, ಈ ಸೀರಿ ಉಡಿಸಿದಾಕಿನೂ ಆಕಿನ. ನಿಮ್ಮ ಮುಂದ ಈಗ ಮಾತಾಡಾಕತ್ತಿದ್ದೂ ಆಕಿನ್ರಿ. ನಾ ಹೂಡಿಯಾಕಿ ಅಲ್ರಿ.’

ರಾಜೇಂದ್ರ ಸರ್ ಮುಖ ಬಿಳಿಚಿತು. ಆದರೆ ಸಿದ್ಧಾರ್ಥ್ ಜಾಣ. ಕೈಯಲ್ಲಿದ್ದ ಮೈಕು ಎತ್ತಿ, ‘ಸರ್, ಇದು ನಮ್ಮ ರೋಬೋದ ಸ್ಪೆಷಲ್ ಫೀಚರ್! ಅದೇ ಆಟೋಮ್ಯಾಟಿಕ್ಕಾಗಿ ಉತ್ತರ ಕರ್ನಾಟಕ ಭಾಷೆಗೆ ಶಿಫ್ಟ್ ಆಗತ್ತೆ. ಕಾಮಿಡಿ ಮೋಡ್!’ ಎಂದ. ಕಟ್ಟೆ ಒಡೆದ ಹಾಗೆ ನಗು ನುಗ್ಗಿತು. ಫೋನುಗಳು ಮೇಲೆದ್ದವು. ‘ನಗಬ್ಯಾಡ್ರಿ!’ ಎಂದು ಅವಳು ಕೂಗಿದಳು. ಗೊಂಬೆಯ ಬಾಯಿ ದೊಡ್ಡದಾಗಿ ತೆರೆಯಿತು. ಇನ್ನೂ ಜೋರು ನಗು. ‘ಇದರಾಗ ನಗೂ ಅಂಥಾದ್ದು ಏನೈತಿ? ನಮ್ಮಪ್ಪ ಹಿಂಗ ಮಾತಾಡ್ತಾನ, ನಮ್ಮವ್ವ ಹಿಂಗ ಮಾತಾಡ್ತಾಳ, ನೀವು ನಿಂತಿದ್ದೀರಲ್ಲ, ಇಂಥಾ ನೆಲಾ ಹಾಕಾವ್ರು ಹಿಂಗ ಮಾತಾಡ್ತಾರ!’ ಒಂದೊಂದು ಮಾತಿಗೂ ದವಡೆ ಬಡಿದುಕೊಂಡಿತು, ಮುಚ್ಚಿ ತೆರೆದು, ಮುಚ್ಚಿ ತೆರೆದು. ಯಾರೋ ಸಿಳ್ಳೆ ಹಾಕಿದರು. ‘ಕೋಪಾನೂ ಮಾಡ್ಕೊಳತ್ತೆ ಮಚ್ಚಾ!’ ಅವಳ ಸಿಟ್ಟು ಏರಿದಷ್ಟೂ ಆ ಬಾಯಿ ಚಂದವಾಗಿ ಕೆಲಸ ಮಾಡುತ್ತಿತ್ತು, ಚಂದವಾಗಿ ಕೆಲಸ ಮಾಡಿದಷ್ಟೂ ಚಪ್ಪಾಳೆ ಬೀಳುತ್ತಿತ್ತು. ಸದ್ದು ಜೋರಾದರೆ ಬಾಯಿ ಅಗಲವಾಗಬೇಕು ಎಂದು ಲೆಕ್ಕ ಹಾಕಿದವಳು ಅವಳೇ. ಆ ಸದ್ದು ಅಳುವೋ ಬೈಗುಳವೋ ಹಾಡೋ ಎಂದು ತಿಳಿಯುವ ದಾರಿ ಆ ಬೋರ್ಡಿಗೆ ಇರಲಿಲ್ಲ. ಈ ಜನರಿಗೆ ಇತ್ತಲ್ಲ? ಇವರಿಗೆ ಕಿವಿಯಿತ್ತು, ಕಿವಿಯ ಹಿಂದೆ ಏನೋ ಒಂದು ಇರಬೇಕಿತ್ತು. ಮೈಕನ್ನು ಕುರ್ಚಿಯ ಮೇಲೆ ಎಸೆದು ಎದ್ದಳು. ಮೈಕು ಬಿದ್ದ ಸದ್ದಿಗೆ ಗೊಂಬೆ ಒಮ್ಮೆ ಬಾಯಿ ಕಳೆದು ಮುಚ್ಚಿತು.

ಫ್ಲೆಕ್ಸಿನ ಪಕ್ಕದಿಂದ ಅವಳು ಹೊರಗೆ ಬಂದು ಗೊಂಬೆಯ ಮುಂದೆ ನಿಂತಳು. ಪಿನ್ನಿಲ್ಲದೆ ಜಡೆ ಬಿಚ್ಚಿತ್ತು, ದುಪಟ್ಟಾ ಒಂದು ಕಡೆ ಜಾರಿತ್ತು. ವೆಂಕಟರಮಣಪ್ಪನವರು ಕತ್ತು ಓರೆ ಮಾಡಿ ಅವಳಾಚೆಗೆ ನೋಡುತ್ತ, ಕೈಸನ್ನೆ ಮಾಡಿದರು.

‘ವಸಿ ಆ ಕಡೀಕೆ ಸರಿಯಮ್ಮ. ಅದು ಮಾತಾಡ್ತಾ ಐತೆ.’

ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಅವಳಿಗೆ ತಡೆಯಲಾರದ್ದಾಯಿತು. ‘ಅದು ಮಾತಾಡೂದಿಲ್ರೀ ಅಜ್ಜಾರ,’ ಎಂದಳು, ‘ನಾನು ಮಾತಾಡಿದ್ದು. ಇದರ ಹಿಂದ ನನ್ನ ಕುಂದರಿಸಿದ್ರು. ನನ್ನ ಕಡಿಂದ ನಿಮಗ ಸುಳ್ಳು ಹೇಳಿಸಿದ್ರು.’

ಮೈಕಿಲ್ಲದೆ ಅವಳ ದನಿ ಅಷ್ಟು ದೊಡ್ಡ ಸಭಾಂಗಣದಲ್ಲಿ ಸಣ್ಣದಾಗಿ ಕೇಳಿಸಿತು. ಆದರೂ ಕೊನೆಯ ಸಾಲಿನವರೆಗೆ ಹೋಯಿತು, ಯಾಕೆಂದರೆ ನಗು ನಿಂತುಹೋಗಿತ್ತು. ಎತ್ತಿದ ಫೋನುಗಳು ಒಂದೊಂದಾಗಿ ಇಳಿದವು. ಇಷ್ಟು ಹೊತ್ತು ಗೊಂಬೆ ಹೇಳಿದಾಗ ಅಷ್ಟು ಸೊಗಸಾಗಿದ್ದ ಮಾತು ಹುಡುಗಿಯೊಬ್ಬಳ ಬಾಯಿಂದ ಬಂದ ಕೂಡಲೇ ಯಾರಿಗೂ ಬೇಡವಾಗಿತ್ತು. ಮುದುಕರು ಅವಳನ್ನು ನೋಡಿದರು, ಗೊಂಬೆಯನ್ನು ನೋಡಿದರು, ಕೊನೆಗೆ ತಿರುಗಿ, ‘ಏನಯ್ಯಾ ರಾಜೇಂದ್ರ ಇದು?’ ಎಂದರು. ‘ಸ್ಟೂಡೆಂಟ್ ಸರ್. ಸ್ವಲ್ಪ ಎಮೋಷನಲ್. ಎಕ್ಸಾಮ್ ಟೆನ್ಶನ್.’ ವೆಂಕಟರಮಣಪ್ಪನವರು ಶಲ್ಯ ಕೊಡವಿಕೊಂಡು ಎದ್ದರು. ಅವಳನ್ನು ಏನೋ ಕೇಳಬೇಕೆಂದು ಬಾಯಿ ತೆರೆದಂತೆ ಕಂಡಿತು. ಪ್ರಾಂಶುಪಾಲರು ಊಟದ ಹಾಲಿನ ದಾರಿ ತೋರಿಸುತ್ತ ಅವರ ಮೊಳಕೈ ಹಿಡಿದರು. ‘ಓಗಣ ನಡೀರಿ’ ಎಂದು ಅವರು ಹೋದರು. ಜನವೂ ಕುರ್ಚಿ ಸರಿಸುತ್ತ ಎದ್ದಿತು.

ಮಹಾದೇವಿ ಗೊಂಬೆಯನ್ನು ತಳ್ಳಿಕೊಂಡು ಲ್ಯಾಬಿಗೆ ಬಂದಳು. ಸಿಟ್ಟು ಇಳಿದು ಭಯ ಬರುತ್ತದೆಂದು ಕಾದಳು. ಭಯ ಬಂತು, ಆದರೆ ಸಿಟ್ಟು ಇಳಿಯಲಿಲ್ಲ. ಎರಡೂ ಅಕ್ಕಪಕ್ಕ ಕೂತವು. ಸಿದ್ಧಾರ್ಥ್ ಹಿಂದೆಯೇ ಬಂದು ಲ್ಯಾಪ್‌ಟಾಪಿನ ಮುಂದೆ ಕೂತ, ಅವಳ ಕಡೆ ನೋಡದೆ. ವೇಣಿ ಮೇಡಂ ಬಂದರು. ಕೊನೆಗೆ ರಾಜೇಂದ್ರ ಸರ್ ಬಂದು ಬಾಗಿಲು ಮುಚ್ಚಿದರು. ಅವರು ಕಿರುಚುತ್ತಾರೆಂದು ಅವಳು ಎಣಿಸಿದ್ದಳು. ಅವರು ಮೆಲ್ಲಗೆ ಮಾತಾಡಿದರು.

‘ನಿನ್ ಟ್ಯಾಲೆಂಟ್ ಬಗ್ಗೆ ನಂಗೇನೂ ಡೌಟ್ ಇಲ್ಲ ಮಹಾದೇವಿ. ಪೋಸ್ಟರಲ್ಲಿ ಹೆಸ್ರು ಕೆಳಗೆ ಬಂದಿದ್ರೆ ನನ್ಹತ್ರ ಬಂದು ಹೇಳ್ಬೇಕಿತ್ತು. ಆಯ್ತು, ಹೋಗ್ಲಿ. ವೆಂಕಟರಮಣಪ್ಪನವ್ರು ಇನ್ನೂ ಊಟ ಮಾಡ್ತಿದಾರೆ. ಹೋಗಿ, ಸಾರಿ ಸರ್, ಇದು ನಾವು ಮಾಡಿದ ಸ್ಕಿಟ್ ಅಂತ ಹೇಳ್ಬಿಡು. ಮುಗೀತು.’

‘ಸ್ಕಿಟ್ ಅಲ್ಲಲ್ರೀ ಸರ್.’

‘ಹೇಳಿದ್ರೆ ನಿನ್ ಗಂಟೇನ್ ಹೋಗತ್ತೆ?’ ಈಗ ದನಿ ಏರಿತು. ‘ವೈವಾ ಇನ್ನೂ ಆಗಿಲ್ಲ, ಗೊತ್ತಿದೆ ತಾನೇ? ಪೀಣ್ಯದವ್ರಿಗೆ ನಿನ್ ಹೆಸ್ರು ಕೊಟ್ಟೋನು ನಾನೇ.’

ಅವಳ ಕಣ್ಣ ಮುಂದೆ ಸಾಲಾಗಿ ಬಾಗಿ ಏಳುವ ಯಂತ್ರದ ತೋಳುಗಳು ಬಂದವು. ಅವುಗಳ ನಡುವೆ ನಡೆಯುವ ತಾನು, ನೀಲಿ ಅಂಗಿ, ಕುತ್ತಿಗೆಯಲ್ಲಿ ಹೆಸರಿನ ಪಟ್ಟಿ. ಅದು ಹೋಗುವುದನ್ನು ಅವಳು ನೋಡಿದಳು, ಹೋಗಬೇಡ ಎನ್ನಬೇಕೆನಿಸಿತು. ‘ಹೆಸರು ತಗದ್ಬಿಡ್ರಿ ಸರ್,’ ಎಂದಳು. ‘ಮರಿ, ಯೋಚ್ನೆ ಮಾಡು’ ಎಂದು ವೇಣಿ ಮೇಡಂ ಅವಳ ತೋಳು ಮುಟ್ಟಿದರು. ‘ಒಂದು ಸಾರಿ ಅಂದ್ರೆ ಏನಾಗತ್ತೆ? ನಾವೆಲ್ಲಾ ಅಂದಿಲ್ವಾ?’ ಮಹಾದೇವಿ ಆ ಕೈಯಿಂದ ತೋಳನ್ನು ಬಿಡಿಸಿಕೊಂಡಳು. ರಾಜೇಂದ್ರ ಸರ್ ‘ನಿನ್ನಿಷ್ಟ’ ಎಂದವರೇ ಬಾಗಿಲು ತೆರೆದಿಟ್ಟು ಊಟದ ಹಾಲಿನ ಕಡೆ ಹೋದರು.

ಲ್ಯಾಬಿನಲ್ಲಿ ಮೂವರೇ ಉಳಿದರು, ಹಸಿರು ಸೀರೆಯ ಗೊಂಬೆಯನ್ನು ಬಿಟ್ಟರೆ. ಅವಳು ಸಿದ್ಧಾರ್ಥನ ಪಕ್ಕಕ್ಕೆ ಹೋಗಿ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಧ್ವನಿಗಳಿದ್ದ ಫೋಲ್ಡರನ್ನು ತೆರೆದು ಎಲ್ಲವನ್ನೂ ಆರಿಸಿದಳು. ಅವಳು ತಿದ್ದಿ ತಿದ್ದಿ ಹೇಳಿದ ಸ್ವಾಗತದ ಮಾತುಗಳು, ಅವುಗಳ ಕೆಳಗೆ ‘ಕಾಮಿಡಿ’ ಎಂದು ಹೆಸರಿಟ್ಟದ್ದು.

‘ಏಯ್, ಏನ್ ಮಾಡ್ತಿದೀಯ? ಅದು ಪ್ರಾಜೆಕ್ಟ್ ಫೈಲ್ ಕಣೇ, ಕಾಲೇಜಿಂದು!’

‘ಮೋಟಾರ್ ಕಾಲೇಜಿಂದು. ಬೋರ್ಡ್ ಕಾಲೇಜಿಂದು. ಕೋಡ್ ನಿಮಗ ಬಿಟ್ಟೀನಿ. ದನಿ ನಂದು.’ ಅಳಿಸಿದಳು.

ಅವನು ಹಿಂದಕ್ಕೆ ಒರಗಿ ನಕ್ಕ. ನಿನ್ನೆಯ ಅದೇ ನಗು, ಸ್ವಲ್ಪ ಅಂಜಿಕೆ ಬೆರೆತದ್ದು. ‘ಅಳಿಸ್ಕೋ ಬಿಡು. ಡ್ರೈವಲ್ಲಿ ಬ್ಯಾಕಪ್ ಇದೆ.’

‘ತಗಿ ಅದನ್ನೂ.’

‘ಮಹಿ, ಸುಮ್ನೆ ಸೀನ್ ಮಾಡ್ಬೇಡ.’

‘ಮಹಾದೇವಿ.’ ಅವಳು ಒಂದು ಸ್ಟೂಲು ಎಳೆದುಕೊಂಡು ಅವನೆದುರು ಕೂತಳು. ‘ಡ್ರೈವ್‌ನಾಗಿಂದು ಅಳಸು. ಆಮ್ಯಾಲೆ ನಿನ್ನ ಫೋನ್‌ನಾಗಿಂದು. ನಾ ಇಲ್ಲೇ ಕುಂತಿರ್ತೀನಿ.’

ಅವನು ವೇಣಿ ಮೇಡಂ ಕಡೆ ನೋಡಿದ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಅವನ ಬೆರಳು ಕೀಲಿಗಳ ಮೇಲೆ ಸುಮ್ಮನೆ ಓಡಾಡಿತು, ನಿಂತಿತು, ಮತ್ತೆ ಓಡಾಡಿತು. ರಾತ್ರಿಯಿಂದ ಎಷ್ಟು ಜನರ ಫೋನಿಗೆ ಅದು ಹೋಗಿದೆಯೋ, ಇವತ್ತು ಸಭಾಂಗಣದಲ್ಲಿ ಎಷ್ಟು ಜನ ಹಿಡಿದುಕೊಂಡಿದ್ದಾರೋ, ಅದನ್ನೆಲ್ಲ ಹಿಂದಕ್ಕೆ ತರಲು ಸಾಧ್ಯವಿಲ್ಲ ಎಂದು ಅವನಷ್ಟೇ ಅವಳಿಗೂ ಗೊತ್ತಿತ್ತು. ಅವನು ಅದನ್ನೇ ಹೇಳಿದ. ‘ಎಷ್ಟು ಜನರತ್ರ ಅಳಿಸ್ತೀಯ?’

‘ಮೊದಲ ನಿಂದು ಅಳಸು.’

ಅವನು ಅಳಿಸಿದ. ಪರದೆಯನ್ನು ಅವಳ ಕಡೆ ತಿರುಗಿಸಿ ತೋರಿಸಿದ. ಜೇಬಿನಿಂದ ಫೋನು ತೆಗೆದ, ಕಿವಿ ಕೆಂಪಗಾಗಿತ್ತು, ಅದರಿಂದಲೂ ಅಳಿಸಿ ಮೇಜಿನ ಮೇಲೆ ಇಟ್ಟು, ‘ಸಾಕಾ?’ ಎಂದ. ಅವಳು ಕಿಟಕಿಯ ಕಡೆ ತಿರುಗಿದಳು. ನಿನ್ನೆ ಸಂಜೆ ಮೇಡಂ ಬಾಯಿಗೆ ಅಡ್ಡ ಹಿಡಿದ ಕೈ ಒಂದಾದರೆ, ಇನ್ನೊಂದು ಕೈ ಫೋನನ್ನು ಗೊಂಬೆಯ ಕಡೆ ಎತ್ತಿ ಹಿಡಿದಿತ್ತೆಂದು ಅವಳಿಗೆ ಈಗ ನೆನಪಾಗಿತ್ತು. ಅಲ್ಲ, ಆಗಲೇ ಕಂಡಿತ್ತು. ನೋಡಲಿಲ್ಲವೆಂದು ತನಗೆ ತಾನೇ ಹೇಳಿಕೊಂಡಿದ್ದಳು, ಈ ಕಟ್ಟಡದಲ್ಲಿ ಒಬ್ಬರಾದರೂ ತನ್ನವರು ಇರಲಿ ಎಂದು.

‘ಮೇಡಂ,’ ಎಂದಳು. ‘ನಿಮ್ಮದೂ.’

ವೇಣಿ ಮೇಡಂ ತಿರುಗಿದರು. ಏನು ಎಂದು ಕೇಳುವವರಂತೆ ಹುಬ್ಬು ಏರಿಸಿದರು. ಆ ಹುಬ್ಬು ಅಲ್ಲೇ ಒಂದಷ್ಟು ಹೊತ್ತು ನಿಂತಿತು. ಹೊರಗೆ ಊಟದ ಹಾಲಿನಿಂದ ತಟ್ಟೆಗಳ ಸದ್ದು ಬರುತ್ತಿತ್ತು. ಮಹಾದೇವಿ ಸ್ಟೂಲಿನಿಂದ ಏಳಲಿಲ್ಲ, ಕಣ್ಣು ಕೀಳಲಿಲ್ಲ. ಕೊನೆಗೆ ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು, ಹೆಗಲ ಬ್ಯಾಗನ್ನು ಮುಂದಕ್ಕೆ ಎಳೆದುಕೊಂಡು, ಅದರ ಜಿಪ್ಪಿಗೆ ಕೈ ಹಾಕಿದರು.